ಮುಂದೆ ಬರೋದು ಹೇಗೆ, ಇಂಗ್ಲಿಷಿನಲ್ಲಿ? ‘ಗೆಟ್ ಅಹೆಡ್’ ಬಳಗಕ್ಕೆ ಹನ್ನೆರಡು ಸೂತ್ರಗಳು

“ಪಾಪ, ಕಷ್ಟಪಟ್ಟು ಮುಂದೆ ಬಂದ.”
“ಮದುವೆ ಮುಂದಕ್ಕೆ ಹೋಯ್ತಂತೆ.”
“ಸಹಾಯ ಮಾಡೋಕೆ ಯಾರೂ ಮುಂದೆ ಬರಲಿಲ್ಲ.”
“ನೀವು ಮುಂದುವರಿಸಿ ಸರ್.”

ನಾಲ್ಕು ಮಾತಿನಲ್ಲೂ ‘ಮುಂದೆ’ ಇದೆ, ನಾಲ್ಕಕ್ಕೂ ಅರ್ಥ ಬೇರೆ. ಕನ್ನಡದಲ್ಲಿ ಯಾರಿಗೂ ಗೊಂದಲವಿಲ್ಲ. ಇವನ್ನೇ ಇಂಗ್ಲಿಷಿನಲ್ಲಿ ಹೇಳಲು ಹೊರಟರೆ ನಾಲ್ಕು ಬೇರೆ ಬೇರೆ ನುಡಿಗಟ್ಟು ಬೇಕು: ‘ಗೆಟ್ ಅಹೆಡ್’, ‘ಪುಟ್ ಆಫ್’, ‘ಕಮ್ ಫಾರ್ವರ್ಡ್’, ‘ಗೋ ಅಹೆಡ್’. ಕನ್ನಡ ಮಾಧ್ಯಮದಲ್ಲಿ ಓದಿ ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಮೊದಲ ನೌಕರಿಗೆ ಸೇರಿದವರು ಹೆಚ್ಚಾಗಿ ಎಡವುವುದು ಇಂಥ ಪುಟ್ಟ ಪದಗಳ ಜೋಡಿಯಲ್ಲೇ.

ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಇಂಗ್ಲಿಷ್ ನಿಘಂಟಿನ ಭೀಷ್ಮ ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ಹೊರಬಂದ ತನ್ನ ನಿಘಂಟಿನ ಮುನ್ನುಡಿಯಲ್ಲೇ, ಕ್ರಿಯಾಪದಕ್ಕೆ ಚಿಕ್ಕ ಪದವೊಂದನ್ನು ಅಂಟಿಸಿ ಅರ್ಥ ಬದಲಿಸುವ ಈ ಪದ್ಧತಿ ಪರಭಾಷಿಕರಿಗೆ ಎಲ್ಲಕ್ಕಿಂತ ಹೆಚ್ಚು ಕಷ್ಟ ಕೊಡುತ್ತದೆ ಎಂದು ಬರೆದಿದ್ದ. ‘ಫ್ರೇಸಲ್ ವರ್ಬ್’ ಎಂಬ ಹೆಸರು ಲೋಗನ್ ಪಿಯರ್ಸಲ್ ಸ್ಮಿತ್ ಬರೆದ ಪುಸ್ತಕದಲ್ಲಿ ಅಚ್ಚಾದದ್ದು 1925ರಲ್ಲಿ. ಹೆಸರು ಹೊಸದು, ತೊಂದರೆ ಹಳೆಯದು. ದಾರಿಗಳು ಇಲ್ಲಿವೆ.

1. ಜೋಡಿಯನ್ನು ಒಂದೇ ಪದ ಎಂದುಕೊಳ್ಳಿ

‘ಗೆಟ್’ ಅಂದರೆ ಪಡೆ, ‘ಅಹೆಡ್’ ಅಂದರೆ ಮುಂದೆ. ಎರಡನ್ನೂ ಕೂಡಿಸಿ ‘ಮುಂದೆ ಪಡೆ’ ಎಂದು ಅರ್ಥ ಮಾಡಿದರೆ ಕೆಟ್ಟಿತು. ಉದ್ಯೋಗದಲ್ಲಿ, ವ್ಯಾಪಾರದಲ್ಲಿ, ಬದುಕಿನಲ್ಲಿ ಏಳಿಗೆ ಹೊಂದುವುದು, ಜೊತೆಯವರಿಗಿಂತ ಒಂದು ಹೆಜ್ಜೆ ಮುಂದಿರುವುದು ಎಂಬುದು ‘ಗೆಟ್ ಅಹೆಡ್’ನ ಅರ್ಥ.

ಇಂಥ ಜೋಡಿ ನಮಗೇನೂ ಹೊಸತಲ್ಲ. ಮಾಡಿಬಿಡು, ಮಾಡಿಕೊ, ಮಾಡಿಕೊಡು, ಮಾಡಿನೋಡು ಎಂಬಲ್ಲಿ ‘ಮಾಡು’ ಒಂದೇ. ಅರ್ಥ ತಿರುಗಿಸುವುದು ಬಾಲಕ್ಕೆ ಬಂದ ಪದ. ಇಂಗ್ಲಿಷಿನಲ್ಲೂ ಹಾಗೆಯೇ ಬಾಲದ ಮೇಲೆ ಕಣ್ಣಿಡಿ. ‘ಗೆಟ್ ಅಹೆಡ್’ ಅಂದರೆ ಏಳಿಗೆ ಹೊಂದು. ‘ಗೆಟ್ ಅಲಾಂಗ್’ ಅಂದರೆ ಹೊಂದಿಕೊಂಡು ಹೋಗು. ‘ಗೆಟ್ ಬೈ’ ಅಂದರೆ ಇದ್ದುದರಲ್ಲಿ ಹೇಗೋ ದಿನ ತಳ್ಳು. ‘ಗೆಟ್ ಥ್ರೂ’ ಅಂದರೆ ಪಾರಾಗು. ‘ಗೆಟ್ ಓವರ್’ ಅಂದರೆ ಚೇತರಿಸಿಕೊ. ‘ಗೆಟ್ ಅವೇ ವಿತ್’ ಅಂದರೆ ತಪ್ಪು ಮಾಡಿಯೂ ದಕ್ಕಿಸಿಕೊ. ‘ಗೆಟ್’ ಪದವನ್ನು ಎಷ್ಟೇ ಉರುಹೊಡೆದರೂ ಈ ಆರು ಅರ್ಥ ಹೊಳೆಯುವುದಿಲ್ಲ.

2. ‘ಗೆಟ್’ ಬೇರೆ, ‘ಗೋ’ ಬೇರೆ

‘ಗೆಟ್ ಅಹೆಡ್’ ಏಳಿಗೆಯ ಮಾತು. ‘ಗೋ ಅಹೆಡ್’ ಅನುಮತಿಯ ಮಾತು, ಇಲ್ಲವೇ ಅಂದುಕೊಂಡಿದ್ದನ್ನು ಮಾಡಿಯೇ ಬಿಡುವ ಮಾತು.

ಆನ್‌ಲೈನ್ ಮೀಟಿಂಗಿನಲ್ಲಿ ಇದು ದಿನವೂ ಬೇಕಾಗುತ್ತದೆ. ನೀವು ಬಾಯಿ ತೆರೆದಿರಿ, ಅದೇ ಗಳಿಗೆಗೆ ಪುಣೆಯ ಸಹೋದ್ಯೋಗಿಯೂ ಮಾತು ಶುರುಮಾಡಿದರು. ಇಬ್ಬರೂ ನಿಲ್ಲಿಸಿದಿರಿ. ಆಗ “ಸಾರಿ, ಪ್ಲೀಸ್ ಗೋ ಅಹೆಡ್” ಎಂದರೆ ‘ನೀವು ಹೇಳಿ, ಪರವಾಗಿಲ್ಲ’ ಎಂದ ಹಾಗೆ. ಇದೇ ಜಾಗದಲ್ಲಿ “ಪ್ಲೀಸ್ ಗೆಟ್ ಅಹೆಡ್” ಎಂದರೆ ಆಶೀರ್ವಾದ ಮಾಡಿದ ಹಾಗಾಗುತ್ತದೆ. ಇನ್ನು ಮೇಲಧಿಕಾರಿಗೆ ಹೇಳುವಾಗ ‘ಪ್ಲೀಸ್’ ಬಿಡಬೇಡಿ. ಬರೀ “ಗೋ ಅಹೆಡ್” ಎಂದರೆ ನೀವೇ ಅವರಿಗೆ ಅಪ್ಪಣೆ ಕೊಟ್ಟಂತೆ ಕೇಳಿಸಬಹುದು.

“ಮ್ಯಾನೇಜರ್ ಗೋ ಅಹೆಡ್ ಕೊಟ್ಟಿದಾರೆ” ಎಂದು ಆಫೀಸಿನ ಕನ್ನಡದಲ್ಲಿ ಹೇಳುತ್ತೇವಲ್ಲ, ಅದು ಸರಿಯಾದ ಬಳಕೆಯೇ. ಅಲ್ಲಿ ಅದು ನಾಮಪದ. ಇಂಗ್ಲಿಷಿನಲ್ಲಿ ಬರೆಯುವಾಗ ನಡುವೆ ಅಡ್ಡಗೆರೆ, ಮುಂದೆ ‘ದ’ ಬರುತ್ತದೆ: “ದ ಕ್ಲೈಂಟ್ ಗೇವ್ ಅಸ್ ದ ಗೋ-ಅಹೆಡ್.”

3. ಮೂರನೆಯ ತುಂಡನ್ನೂ ಸೇರಿಸಿಯೇ ಕಲಿಯಿರಿ

‘ಗೆಟ್ ಅಹೆಡ್’ ಆದ ಮೇಲೆ ಏನು ಬರಬೇಕು? ಕ್ಷೇತ್ರವಾದರೆ ‘ಇನ್’: “ಗೆಟ್ ಅಹೆಡ್ ಇನ್ ಬಿಸಿನೆಸ್”, “ಗೆಟ್ ಅಹೆಡ್ ಇನ್ ಲೈಫ್”. ನೀವು ದಾಟಿ ಹೋಗುವ ವ್ಯಕ್ತಿಯೋ ಕಂಪನಿಯೋ ಆದರೆ ‘ಆಫ್’: “ಶಿ ಗಾಟ್ ಅಹೆಡ್ ಆಫ್ ಹರ್ ಕಾಂಪಿಟಿಟರ್ಸ್.” ಈ ‘ಆಫ್’ ಬಿಟ್ಟು “ಗಾಟ್ ಅಹೆಡ್ ಹರ್ ಕಾಂಪಿಟಿಟರ್ಸ್” ಎಂದರೆ ವಾಕ್ಯ ಮುರಿಯುತ್ತದೆ.

‘ಗೋ ಅಹೆಡ್’ಗೆ ಬೇಕಾದದ್ದು ‘ವಿತ್’: “ವಿ ವೆಂಟ್ ಅಹೆಡ್ ವಿತ್ ದ ಪ್ಲಾನ್.” ‘ಅಹೆಡ್’ ಒಂದೇ ನಿಂತು ಕಾಲವನ್ನು ಹೇಳುವಾಗ ಮತ್ತೆ ‘ಆಫ್’: “ಅಹೆಡ್ ಆಫ್ ಶೆಡ್ಯೂಲ್” ಅಂದರೆ ಗೊತ್ತುಮಾಡಿದ ಸಮಯಕ್ಕಿಂತ ಮೊದಲೇ.

ಇನ್ನೊಂದು ಸೊಗಸಾದ ಬಳಕೆ: “ಲೆಟ್ಸ್ ನಾಟ್ ಗೆಟ್ ಅಹೆಡ್ ಆಫ್ ಅವರ್‌ಸೆಲ್ವ್ಸ್.” ತನಗಿಂತ ತಾನೇ ಮುಂದೆ ಹೋಗುವುದು ಹೇಗೆ ಎಂದು ತಲೆ ಕೆರೆದುಕೊಳ್ಳಬೇಡಿ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವುದು ಬೇಡ ಎಂದರ್ಥ. ಕ್ಲೈಂಟ್ ಇನ್ನೂ ಸಹಿ ಹಾಕಿಲ್ಲ, ತಂಡ ಆಗಲೇ ಪಾರ್ಟಿಗೆ ಹೋಟೆಲ್ ಹುಡುಕುತ್ತಿದೆ ಎಂದಾಗ ಹೇಳುವ ಮಾತು.

4. ‘ಮುಂದೆ ಬಂದ’ವರನ್ನು ‘ಕಮ್ ಫಾರ್ವರ್ಡ್’ ಮಾಡಿಸಬೇಡಿ

ಬಡತನದಲ್ಲಿ ಓದಿ, ದುಡಿದು, ಮನೆ ಕಟ್ಟಿದವರನ್ನು ನಾವು ‘ಮುಂದೆ ಬಂದವರು’ ಎನ್ನುತ್ತೇವೆ. ಅದನ್ನು ಹಾಗೇ “ಹಿ ಕೇಮ್ ಫಾರ್ವರ್ಡ್ ಇನ್ ಲೈಫ್” ಎಂದು ತಿರುಗಿಸಿದರೆ ಇಂಗ್ಲಿಷಿನವರು ಕಣ್ಣು ಮಿಟುಕಿಸುತ್ತಾರೆ. ‘ಕಮ್ ಫಾರ್ವರ್ಡ್’ ಅಂದರೆ ಸಹಾಯಕ್ಕೋ ಸಾಕ್ಷಿ ಹೇಳಲಿಕ್ಕೋ ತಾನಾಗಿ ಮುಂದಾಗುವುದು. ಅಪಘಾತ ನೋಡಿದವರು ಪೊಲೀಸರಿಗೆ ಮಾಹಿತಿ ಕೊಡಲು ಬಂದರೆ “ಅ ವಿಟ್ನೆಸ್ ಕೇಮ್ ಫಾರ್ವರ್ಡ್.”

ಏಳಿಗೆಗೆ ‘ಗೆಟ್ ಅಹೆಡ್’ ಎನ್ನಿ. ನಮ್ಮ ದಕ್ಷಿಣದ ಕಡೆ ಬಹಳ ಓಡುವ “ಕಮ್ ಅಪ್ ಇನ್ ಲೈಫ್” ಎಂಬುದು ಇಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಹೊರದೇಶದವರ ಕಿವಿಗೆ “ಕಮ್ ಅಪ್ ಇನ್ ದ ವರ್ಲ್ಡ್” ಹೆಚ್ಚು ಪರಿಚಿತ.

5. ತಾರೀಖಿನ ವಿಷಯದಲ್ಲಿ ‘ಮುಂದೆ’ಯನ್ನು ನಂಬಲೇಬೇಡಿ

ಇದು ಎಲ್ಲಕ್ಕಿಂತ ದುಬಾರಿ ಎಡವಟ್ಟು. ಕನ್ನಡದಲ್ಲಿ ಸಭೆಯನ್ನು ‘ಮುಂದಕ್ಕೆ ಹಾಕಿದರು’ ಅಂದರೆ ತಡವಾಯಿತು, ‘ಮುಂದೂಡಿದರು’ ಎಂದರೂ ಅದೇ. ಇಂಗ್ಲಿಷಿನಲ್ಲಿ “ಬ್ರಿಂಗ್ ದ ಮೀಟಿಂಗ್ ಫಾರ್ವರ್ಡ್” ಎಂದರೆ ಗೊತ್ತಾದ ದಿನಕ್ಕಿಂತ ಮೊದಲೇ ಇಟ್ಟುಕೊಳ್ಳುವುದು. ದಿಕ್ಕೇ ತಿರುವುಮುರುವು! ಬುಧವಾರದ ಸಭೆ ಮುಂದಕ್ಕೆ ಹೋಯಿತೆಂದು ಹೇಳಲು ಹೋಗಿ “ಬ್ರಾಟ್ ಫಾರ್ವರ್ಡ್” ಎಂದು ಮೇಲ್ ಹಾಕಿದರೆ, ಎದುರಿನವರು ಸೋಮವಾರವೇ ಬಂದು ಕೂತಿರುತ್ತಾರೆ.

ಅದಕ್ಕಿಂತ ಮೋಜಿನದು ‘ಮೂವ್ ಫಾರ್ವರ್ಡ್’. ಇಂಗ್ಲಿಷ್ ಮಾತೃಭಾಷೆಯಾದವರಿಗೇ ಇದರಲ್ಲಿ ಒಮ್ಮತವಿಲ್ಲ. “ಮುಂದಿನ ಬುಧವಾರದ ಸಭೆಯನ್ನು ಎರಡು ದಿನ ಮೂವ್ ಫಾರ್ವರ್ಡ್ ಮಾಡಿದೆ, ಈಗ ಸಭೆ ಯಾವತ್ತು?” ಎಂಬ ಪ್ರಶ್ನೆ ಮನಶ್ಶಾಸ್ತ್ರಜ್ಞರ ವಲಯದಲ್ಲಿ ಪ್ರಸಿದ್ಧ. ಕೇಳಿದವರಲ್ಲಿ ಸುಮಾರು ಅರ್ಧ ಜನ ಸೋಮವಾರ ಎನ್ನುತ್ತಾರೆ, ಉಳಿದವರು ಶುಕ್ರವಾರ. ಲೆರಾ ಬೊರೊಡಿಟ್ಸ್ಕಿ ಮತ್ತು ಮೈಕಲ್ ರಾಮ್ಸ್ಕರ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ಪ್ರಶ್ನೆಯನ್ನು ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣದಲ್ಲೂ ಕೇಳಿದರು. ಆಗಷ್ಟೇ ವಿಮಾನದಲ್ಲಿ ಬಂದಿಳಿದವರು, ಯಾರನ್ನೋ ಕರೆದೊಯ್ಯಲು ಬಂದು ಕಾಯುತ್ತಿದ್ದವರಿಗಿಂತ ಹೆಚ್ಚಾಗಿ ಶುಕ್ರವಾರ ಎಂದರು. ಪ್ರಯಾಣ ಮಾಡಿ ಬಂದವರಿಗೆ ತಾವೇ ಕಾಲದೊಳಗೆ ಮುಂದೆ ಸಾಗುತ್ತಿರುವ ಭಾವ. ಕಾಯುತ್ತಾ ನಿಂತವರಿಗೆ ಕಾಲವೇ ತಮ್ಮತ್ತ ಬರುತ್ತಿರುವ ಭಾವ.

ಹಾಗಾಗಿ ಸೂತ್ರ ಇಷ್ಟೇ: ದಿನದ ಹೆಸರು ಹೇಳಿಬಿಡಿ. “ದ ಮೀಟಿಂಗ್ ಹ್ಯಾಸ್ ಬೀನ್ ಮೂವ್ಡ್ ಫ್ರಮ್ ವೆಡ್ನೆಸ್‌ಡೇ ಟು ಮಂಡೇ.” ತಡವಾಯಿತು ಎನ್ನಲು ‘ಪುಟ್ ಆಫ್’ ಇಲ್ಲವೇ ‘ಪೋಸ್ಟ್‌ಪೋನ್’. ತಾರೀಖಿನ ವಿಷಯದಲ್ಲಿ ಇವುಗಳಿಗೆ ಎರಡನೇ ಅರ್ಥವಿಲ್ಲ. ‘ಪ್ರಿಪೋನ್’ ನಮ್ಮ ದೇಶದಲ್ಲಿ ಚಲಾವಣೆಯಲ್ಲಿದೆ, ಆಕ್ಸ್‌ಫರ್ಡ್ ನಿಘಂಟುಗಳಲ್ಲಿ ಭಾರತೀಯ ಇಂಗ್ಲಿಷ್ ಎಂಬ ಗುರುತಿನೊಂದಿಗೆ ಜಾಗವನ್ನೂ ಪಡೆದಿದೆ. ನಮ್ಮವರ ನಡುವೆ ಧಾರಾಳವಾಗಿ ಬಳಸಿ. ಲಂಡನ್ ಅಥವಾ ಡಲ್ಲಾಸಿನ ಕ್ಲೈಂಟಿಗೆ ಬರೆಯುವಾಗ ‘ಅರ್ಲಿಯರ್’ ಎಂಬ ಸರಳ ಪದ ಸಾಕು.

ಬಿ.ಕಾಂ. ಓದಿದವರಿಗೆ ನೆನಪಿಟ್ಟುಕೊಳ್ಳುವ ದಾರಿಯೊಂದಿದೆ. ಲೆಕ್ಕದ ಪುಸ್ತಕದಲ್ಲಿ ಪುಟದ ಕೊನೆಯ ಮೊತ್ತ ‘ಕ್ಯಾರೀಡ್ ಫಾರ್ವರ್ಡ್’ ಆಗುತ್ತದೆ, ಮುಂದಿನ ಪುಟದ ತಲೆಯಲ್ಲಿ ಅದೇ ಮೊತ್ತ ‘ಬ್ರಾಟ್ ಫಾರ್ವರ್ಡ್’. ‘ಬ್ರಾಟ್’ ಅಂದರೆ ನಾವಿರುವ ಕಡೆಗೆ ತಂದದ್ದು. ಸಭೆಯೂ ಹಾಗೆಯೇ, ಇವತ್ತಿನ ಕಡೆಗೆ ಹತ್ತಿರ ತಂದದ್ದು.

6. ‘ಇಟ್’ ಎಲ್ಲಿ ಕೂರಬೇಕು ನೋಡಿ

ಕೆಲವು ಜೋಡಿಗಳ ನಡುವೆ ಕರ್ಮಪದಕ್ಕೆ ಜಾಗವಿದೆ. “ಪುಟ್ ಆಫ್ ದ ಮೀಟಿಂಗ್” ಸರಿ, “ಪುಟ್ ದ ಮೀಟಿಂಗ್ ಆಫ್” ಎಂದರೂ ಸರಿ. ಆದರೆ ‘ಇಟ್’, ‘ದೆಮ್’ ಬಂದರೆ ನಡುವೆಯೇ ಕೂರಬೇಕು: “ಪುಟ್ ಇಟ್ ಆಫ್”, “ಬ್ರಿಂಗ್ ಇಟ್ ಫಾರ್ವರ್ಡ್”. “ಪುಟ್ ಆಫ್ ಇಟ್” ತಪ್ಪು. ‘ಗೆಟ್ ಅಹೆಡ್’, ‘ಗೋ ಅಹೆಡ್’ ಮಾತ್ರ ನಡುವೆ ಯಾರನ್ನೂ ಬಿಟ್ಟುಕೊಳ್ಳುವುದಿಲ್ಲ.

7. ‘ಲುಕ್ ಫಾರ್ವರ್ಡ್ ಟು’ ಆದ ಮೇಲೆ ‘ಇಂಗ್’

ಮೇಲ್‌ಗಳ ಕೊನೆಯ ಸಾಲಿನಲ್ಲಿ ಅತಿ ಹೆಚ್ಚು ಕಾಣುವ ತಪ್ಪು: “ಐ ಲುಕ್ ಫಾರ್ವರ್ಡ್ ಟು ಮೀಟ್ ಯು.” ಸರಿಯಾದದ್ದು “ಟು ಮೀಟಿಂಗ್ ಯು”. ಪರೀಕ್ಷೆ ಸುಲಭ. ಆ ಜಾಗದಲ್ಲಿ ನಾಮಪದ ಇಟ್ಟು ನೋಡಿ: “ಲುಕ್ ಫಾರ್ವರ್ಡ್ ಟು ದ ಇಂಟರ್‌ವ್ಯೂ.” ನಾಮಪದ ಕೂರುವ ಕಡೆ ಕ್ರಿಯಾಪದ ಬಂದರೆ ಅದಕ್ಕೆ ‘ಇಂಗ್’ ತೊಡಿಸಬೇಕು.

“ಐ ಲುಕ್ ಫಾರ್ವರ್ಡ್” ಎಂದರೆ ಗಂಭೀರ ಪತ್ರದ ಧಾಟಿ. “ಐ ಆಮ್ ಲುಕಿಂಗ್ ಫಾರ್ವರ್ಡ್” ಎಂದರೆ ಸಲುಗೆಯ ಧಾಟಿ. ಕೆಲಸದ ಅರ್ಜಿಗೆ ಮೊದಲನೆಯದು, ಹಳೇ ಗೆಳತಿಯ ಗೃಹಪ್ರವೇಶಕ್ಕೆ ಎರಡನೆಯದು.

8. ಹಿಂದೆ ಬಿದ್ದಲ್ಲಿಂದ ಮುಂದೆ ನಿಂತಲ್ಲಿಯವರೆಗೆ ಒಂದೇ ಸಾಲಿನಲ್ಲಿ ಕಲಿಯಿರಿ

ಒಂಟಿ ನುಡಿಗಟ್ಟು ಮರೆತುಹೋಗುತ್ತದೆ, ಕಥೆಯಲ್ಲಿ ಕೂತದ್ದು ಉಳಿಯುತ್ತದೆ. ಕಾಲೇಜು ಸೇರಿದ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. ಜ್ವರ ಬಂದು ಪಾಠ ತಪ್ಪಿತು, ಅವಳು ‘ಫೆಲ್ ಬಿಹೈಂಡ್’. ರಾತ್ರಿ ಕೂತು ನೋಟ್ಸ್ ಬರೆದುಕೊಂಡು ತರಗತಿಯವರನ್ನು ಹಿಡಿದಳು, ‘ಕಾಟ್ ಅಪ್ ವಿತ್’. ಆಮೇಲೆ ಅವರ ಸಮಕ್ಕೇ ಓದುತ್ತ ಹೋದಳು, ‘ಕೆಪ್ಟ್ ಅಪ್ ವಿತ್’. ಸೆಮಿಸ್ಟರ್ ಮುಗಿಯುವಷ್ಟರಲ್ಲಿ ಎಲ್ಲರನ್ನೂ ದಾಟಿದಳು, ‘ಗಾಟ್ ಅಹೆಡ್ ಆಫ್’. ಆ ಜಾಗ ಬಿಟ್ಟುಕೊಡಲಿಲ್ಲ, ‘ಸ್ಟೇಡ್ ಅಹೆಡ್ ಆಫ್’. ಐದು ನುಡಿಗಟ್ಟು, ಒಂದೇ ಕಥೆ. ಹುಡುಗಿಯ ಬದಲು ನಿಮ್ಮದೇ ಪ್ರಾಜೆಕ್ಟ್ ಇಟ್ಟು ಬರೆದರೆ ಇನ್ನೂ ಗಟ್ಟಿ.

9. ಸಂದರ್ಶನದಲ್ಲಿ ‘ಗೆಟ್ ಅಹೆಡ್’ ಹದವಾಗಿರಲಿ

“ವೇರ್ ಡು ಯು ಸೀ ಯುವರ್‌ಸೆಲ್ಫ್ ಇನ್ ಫೈವ್ ಇಯರ್ಸ್?” ಎಂಬ ಪ್ರಶ್ನೆ ಬಂದೇ ಬರುತ್ತದೆ. “ಐ ವಾಂಟ್ ಟು ಗೆಟ್ ಅಹೆಡ್” ಎಂದು ಉತ್ತರಿಸಿದರೆ ವ್ಯಾಕರಣ ಸರಿಯೇ. ಆದರೆ ಈ ನುಡಿಗಟ್ಟಿನಲ್ಲಿ ಪೈಪೋಟಿಯ ವಾಸನೆಯಿದೆ: ಯಾರನ್ನೋ ಹಿಂದೆ ಹಾಕುವ ಮಾತು. ಮೇಜಿನ ಆಚೆ ಕೂತವರಿಗೆ ನೀವು ಸ್ವಂತದ ಲೆಕ್ಕವನ್ನಷ್ಟೇ ಹೇಳಿದಂತೆ ಕೇಳಿಸಬಹುದು.

ಹೀಗೆ ಹೇಳಿ ನೋಡಿ: “ಇನ್ ದ ಫಸ್ಟ್ ಇಯರ್, ಐ ವಾಂಟ್ ಟು ಲರ್ನ್ ದ ಬಿಲ್ಲಿಂಗ್ ಸಿಸ್ಟಮ್ ಥರೋಲಿ. ಆಫ್ಟರ್ ದಟ್, ಐ ವುಡ್ ಲೈಕ್ ಟು ಟೇಕ್ ಆನ್ ಮೋರ್ ರೆಸ್ಪಾನ್ಸಿಬಿಲಿಟಿ.” ಮುಂದೆ ಬರುವ ಆಸೆ ಇದರಲ್ಲೂ ಇದೆ. ‘ಟೇಕ್ ಆನ್’ ಅಂದರೆ ಹೊಣೆ ಹೊತ್ತುಕೊಳ್ಳುವುದು. ನೀವು ಮೇಲೆ ಬರುವುದರಿಂದ ಕಂಪನಿಗೇನು ಸಿಗುತ್ತದೆ ಎಂಬುದು ಅದೇ ಮಾತಿನಲ್ಲಿ ಬಂತು.

ಕಾನೂನು ಪತ್ರ, ಟೆಂಡರ್, ಬ್ಯಾಂಕಿನ ಅರ್ಜಿಗಳಲ್ಲಿ ಜೋಡಿಪದಕ್ಕಿಂತ ಒಂಟಿ ಪದ ಚೆನ್ನ. ‘ಗೋ ಅಹೆಡ್’ ಬದಲು ‘ಪ್ರೊಸೀಡ್’, ‘ಪುಟ್ ಆಫ್’ ಬದಲು ‘ಪೋಸ್ಟ್‌ಪೋನ್’. ವಾಟ್ಸ್‌ಆ್ಯಪಿನಲ್ಲಿ ಮಾತ್ರ ‘ಪ್ರೊಸೀಡ್’ ಎಂದು ಬರೆದರೆ ತಹಸೀಲ್ದಾರರ ನೋಟಿಸ್ ಬಂದಂತಿರುತ್ತದೆ.

10. ಒತ್ತು ಬಾಲದ ಮೇಲೆ ಬೀಳಲಿ

‘ಗೆಟ್ ಅಹೆಡ್’ ಎನ್ನುವಾಗ ದನಿ ಏರಬೇಕಾದದ್ದು ‘ಹೆಡ್’ ಮೇಲೆ. ‘ಗೆಟ್’ ಮೇಲೆ ಒತ್ತು ಹಾಕಿದರೆ ಕೇಳುವವರು ಇನ್ನೇನನ್ನೋ ಪಡೆಯುವ ವಿಷಯ ಬರುತ್ತದೆಂದು ಕಾಯುತ್ತಾರೆ. ನಾಮಪದವಾದಾಗ ಒತ್ತು ಮೊದಲಿಗೆ ಜಿಗಿಯುತ್ತದೆ: ‘ದ ಗೋ-ಅಹೆಡ್’ನಲ್ಲಿ ‘ಗೋ’ ಜೋರು. ‘ಬ್ರೇಕ್ ಡೌನ್’ ಕ್ರಿಯಾಪದವಾದರೆ ‘ಡೌನ್’ ಜೋರು, ‘ಬ್ರೇಕ್‌ಡೌನ್’ ನಾಮಪದವಾದರೆ ‘ಬ್ರೇಕ್’ ಜೋರು. ಅದೇ ನಿಯಮ.

ಭೂತಕಾಲ ಮೊದಲ ಪದದಲ್ಲಿ ಬದಲಾಗುತ್ತದೆ, ಬಾಲ ಅಲುಗುವುದಿಲ್ಲ: ‘ಗಾಟ್ ಅಹೆಡ್’, ‘ವೆಂಟ್ ಅಹೆಡ್’. ‘ಹ್ಯಾವ್’ ಜೊತೆ ಬಂದಾಗ ಬ್ರಿಟಿಷರು ‘ಗಾಟ್’ ಎನ್ನುತ್ತಾರೆ, ಅಮೆರಿಕದವರು ‘ಗಾಟನ್’. ಎರಡೂ ಸರಿ; ಒಂದೇ ಮೇಲ್‌ನಲ್ಲಿ ಎರಡನ್ನೂ ಬೆರೆಸಬೇಡಿ.

11. ನಮ್ಮೂರ ರೂಢಿ ಹೊರಗೆ ಹೇಗೆ ಕೇಳಿಸುತ್ತದೆ ಗೊತ್ತಿರಲಿ

“ಐ ಪಾಸ್ಡ್ ಔಟ್ ಇನ್ 2023.” ಧಾರವಾಡದಲ್ಲಿ ಇದರ ಅರ್ಥ ಪದವಿ ಮುಗಿಸಿದೆ ಎಂದು. ಹೊರದೇಶದಲ್ಲಿ ‘ಪಾಸ್ ಔಟ್’ ಎಂದರೆ ಸಾಮಾನ್ಯವಾಗಿ ಪ್ರಜ್ಞೆ ತಪ್ಪಿ ಬೀಳುವುದು. ಸೈನ್ಯದ ತರಬೇತಿ ಮುಗಿಸಿದವರ ‘ಪಾಸಿಂಗ್ ಔಟ್ ಪರೇಡ್’ನಿಂದಾಗಿ ನಮ್ಮ ಅರ್ಥವೂ ಪೂರ್ತಿ ನಿರಾಧಾರವಲ್ಲ. ಆದರೂ ಬಯೋಡೇಟಾದಲ್ಲಿ ‘ಗ್ರಾಜುಯೇಟೆಡ್’ ಎಂದೇ ಬರೆಯಿರಿ.

ಇನ್ನೊಂದು ‘ಗೋಯಿಂಗ್ ಫಾರ್ವರ್ಡ್’. ‘ಇನ್ನು ಮುಂದೆ’ ಎಂಬ ಅರ್ಥದಲ್ಲಿ ಕಾರ್ಪೊರೇಟ್ ಮಂದಿಯ ಬಾಯಲ್ಲಿ ಸದಾ ಇರುತ್ತದೆ, ಕೇಳಿ ಬೇಸತ್ತವರೂ ಅಷ್ಟೇ ಇದ್ದಾರೆ. ‘ಫ್ರಮ್ ನೌ ಆನ್’ ಎನ್ನಿ. ವಾಕ್ಯದಲ್ಲಿ ಹೇಗೂ ‘ವಿಲ್’ ಇದ್ದರೆ ಅದೂ ಬೇಡ.

12. ಅರ್ಥ ಬರೆದುಕೊಳ್ಳಬೇಡಿ, ಸನ್ನಿವೇಶ ಬರೆದುಕೊಳ್ಳಿ

ನಿಘಂಟು ನೋಡುವಾಗ ‘ಅಹೆಡ್’ ಕೆಳಗೆ ಹುಡುಕಬೇಡಿ. ‘ಗೆಟ್’ ಎಂಬ ಪದದ ವಿವರಣೆಯ ಕೊನೆಯಲ್ಲಿ ಜೋಡಿಗಳೆಲ್ಲ ಸಾಲಾಗಿ ಸಿಗುತ್ತವೆ. ಕಲಿಯುವವರಿಗೆಂದೇ ಮಾಡಿದ ನಿಘಂಟು ಇಟ್ಟುಕೊಳ್ಳಿ. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಎಸ್. ಹಾರ್ನ್‌ಬಿ ಪರಭಾಷಿಕರಿಗಾಗಿ ಸಿದ್ಧಪಡಿಸಿದ ನಿಘಂಟನ್ನು ಆಕ್ಸ್‌ಫರ್ಡ್ 1948ರಲ್ಲಿ ಹೊರತಂದಿತು. ಇಂದಿನ ‘ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿ’ ಅದರದೇ ಸಂತಾನ. 1987ರಲ್ಲಿ ಬಂದ ‘ಕಾಲಿನ್ಸ್ ಕೋಬಿಲ್ಡ್’ ಜನ ನಿಜವಾಗಿ ಆಡಿದ, ಬರೆದ ಇಂಗ್ಲಿಷನ್ನು ಕಂಪ್ಯೂಟರಿನಲ್ಲಿ ಕಲೆಹಾಕಿ ಮಾಡಿದ್ದು. ಅದು ಅರ್ಥವನ್ನೂ ಪೂರ್ತಿ ವಾಕ್ಯದಲ್ಲೇ ಹೇಳುತ್ತದೆ.

ನೋಟ್‌ಬುಕ್ಕಿನ ಎಡಪುಟದಲ್ಲಿ ನಿಮ್ಮ ಮನೆಯಲ್ಲೋ ಆಫೀಸಿನಲ್ಲೋ ನಿಜವಾಗಿ ಕೇಳಿದ ಕನ್ನಡ ವಾಕ್ಯ, ಬಲಪುಟದಲ್ಲಿ ಅದರ ಇಂಗ್ಲಿಷ್. ಈಗಲೇ ಆರಂಭಿಸಿ. ಬಲಪುಟ ಮುಚ್ಚಿಕೊಂಡು ಈ ಐದನ್ನು ಹೇಳಿ.

ಅ) ಪರೀಕ್ಷೆ ಎರಡು ವಾರ ಮುಂದಕ್ಕೆ ಹೋಗಿದೆ.
ಆ) ಅವಳು ಸ್ವಂತ ದುಡಿಮೆಯಿಂದ ಮುಂದೆ ಬಂದಳು.
ಇ) ಸಾಕ್ಷಿ ಹೇಳೋಕೆ ಯಾರೂ ಮುಂದೆ ಬರಲಿಲ್ಲ.
ಈ) ಮಳೆ ಬಂದರೂ ಕಾರ್ಯಕ್ರಮ ನಡೆಸಿಯೇ ಬಿಟ್ಟರು.
ಉ) ಇನ್ನೂ ಆರ್ಡರೇ ಬಂದಿಲ್ಲ, ಆಗಲೇ ಲಾಭ ಎಣಿಸ್ತಿದೀಯಲ್ಲೋ!

ಉತ್ತರಗಳು:

ಅ) ದ ಎಗ್ಸಾಮ್ ಹ್ಯಾಸ್ ಬೀನ್ ಪುಟ್ ಆಫ್ ಬೈ ಟು ವೀಕ್ಸ್.
ಆ) ಶಿ ಗಾಟ್ ಅಹೆಡ್ ಥ್ರೂ ಹರ್ ಓನ್ ಹಾರ್ಡ್ ವರ್ಕ್.
ಇ) ನೋಬಡಿ ಕೇಮ್ ಫಾರ್ವರ್ಡ್ ಆ್ಯಸ್ ಅ ವಿಟ್ನೆಸ್.
ಈ) ದೇ ವೆಂಟ್ ಅಹೆಡ್ ವಿತ್ ದ ಪ್ರೋಗ್ರಾಮ್ ಇನ್ ಸ್ಪೈಟ್ ಆಫ್ ದ ರೇನ್.
ಉ) ಯು ಆರ್ ಗೆಟ್ಟಿಂಗ್ ಅಹೆಡ್ ಆಫ್ ಯುವರ್‌ಸೆಲ್ಫ್.

ಮೊದಲ ಮೂರು ಸರಿಯಾದರೆ ಪಾಠ ಅರ್ಥವಾಗಿದೆ. ಕೊನೆಯ ಎರಡು ವಾಕ್ಯಗಳ ಕನ್ನಡದಲ್ಲಿ ‘ಮುಂದೆ’ ಎಂಬ ಪದವೇ ಇಲ್ಲ. ಅಲ್ಲೂ ‘ಅಹೆಡ್’ ತಾನಾಗಿ ನಾಲಿಗೆಗೆ ಬಂದಿದ್ದರೆ, ನೀವು ತರ್ಜುಮೆ ಮಾಡುವುದನ್ನು ಬಿಟ್ಟು ಇಂಗ್ಲಿಷ್ ಆಡಲು ಶುರುಮಾಡಿದ್ದೀರಿ.